ಅಕ್ಕೋರ ಬೇರೆ ಹುಡುಗಿಯರು

ಮೆಣಸಿನಕಾಯಿ ಹಂಗಾಮಿನಲ್ಲಿ ಅಕ್ಕೋರ ಮುಖದಲ್ಲಿ ಕಾಣುತ್ತಿದ್ದದ್ದು ಕಣ್ಣುಗಳು ಮಾತ್ರ. ಹಳೆಯ ಸೀರೆಯ ತುಂಡೊಂದನ್ನು ನೀರಿನಲ್ಲಿ ಅದ್ದಿ ಹಿಂಡಿ, ಮೂಗು ಬಾಯಿ ಮುಚ್ಚುವಂತೆ ಕಟ್ಟಿಕೊಂಡು ಹಾರ್ಮೋನಿಯಂ ಪೇಟಿಯ ಮುಂದೆ ಕೂತಿರುತ್ತಿದ್ದರು. ಕಣ್ಣಿಗೆ ತೆಳ್ಳಗೆ ಸುರ್ಮಾ. ಬಲಗಣ್ಣಿನ ರೆಪ್ಪೆ ಸ್ವಲ್ಪ ಜೋತುಬಿದ್ದಿದ್ದರಿಂದ ಸದಾ ಏನನ್ನೋ ಗುರಿಯಿಟ್ಟು ನೋಡುವಂತೆ ಕಾಣುತ್ತಿತ್ತು. ನಾನು ಹಾಡುವಾಗ ನಿಜಕ್ಕೂ ಗುರಿಯಿಟ್ಟೇ ನೋಡುತ್ತಿದ್ದರು. ಆ ನೋಟ ನನ್ನ ಬಾಯಿಯ ಮೇಲೆ ಇರುತ್ತಿರಲಿಲ್ಲ. ಕಿವಿಯ ಕೆಳಗೆ, ಕೊರಳಿನ ಪಕ್ಕದಲ್ಲಿ ಉಬ್ಬುವ ನರದ ಮೇಲಿರುತ್ತಿತ್ತು. ನರ ಎದ್ದಿತೋ, ಪೇಟಿ ನಿಲ್ಲಿಸಿ ಕೈ ಎತ್ತುತ್ತಿದ್ದರು. ಸ್ವರ ಸರಿಯಾಗಿದ್ದರೂ ಅಷ್ಟೇ.

ನಮ್ಮ ಕಡೆ ಕಲಿಸುವ ಹೆಂಗಸರಿಗೆ ಅಕ್ಕೋರು ಅನ್ನುತ್ತೇವೆ. ಓಣಿಯವರು ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದರು. ಬ್ಯಾಡಗಿ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಮನೆ. ಒಬ್ಬರೇ ಇರುತ್ತಿದ್ದರು. ಹುಬ್ಬಳ್ಳಿಯಲ್ಲಿದ್ದ ತಮ್ಮನ ಮಗ ರಮಜಾನಿಗೆ ಬಂದು ಹೋಗುತ್ತಿದ್ದ. ಆ ಊರಿನಲ್ಲಿ ಯಾರಾದರೂ ಹಾಡು ಕಲಿಸುತ್ತಾರೆ ಎಂದರೆ ನಗು ಬರಬೇಕು. ಹಂಗಾಮು ಶುರುವಾದರೆ ಹಮಾಲರಿಂದ ಹಿಡಿದು ದಲಾಲಿ ಅಂಗಡಿಯ ಸಾಹುಕಾರರವರೆಗೆ ಎಲ್ಲರೂ ಕೆಮ್ಮುತ್ತಾರೆ. ಅಕ್ಕೋರ ಕಿಟಕಿಗೆ ಒಂದು ಒದ್ದೆ ಚಾದರ ಇಳಿಬಿಟ್ಟಿರುತ್ತಿತ್ತು. ಘಾಟು ಅದನ್ನೂ ದಾಟಿ ಬರುತ್ತಿತ್ತು.

ಆಗ ನಾನು ಊರ ಹೊರಗಿನ ಒಂದು ಕೋಲ್ಡ್ ಸ್ಟೋರೇಜಿನ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂರುವ ಕೆಲಸಕ್ಕಿದ್ದೆ. ಮದುವೆಯಾಗಿ ಮುರಿದಿತ್ತು. ಹಾವೇರಿಯ ತವರುಮನೆ, ಅವ್ವ ತೀರಿಕೊಂಡ ಮೇಲೆ ಅಣ್ಣನ ಮನೆಯಾಗಿತ್ತು. ಬ್ಯಾಡಗಿಯಲ್ಲಿ ಮಾಳಿಗೆಯ ಮೇಲೊಂದು ಖೋಲಿ ಹಿಡಿದಿದ್ದೆ. ಬೆಳಗ್ಗೆ ಡಬ್ಬಿ ಕಟ್ಟಿಕೊಂಡು ಹೋದರೆ ಸಂಜೆ ಬಂದು ಅದೇ ಡಬ್ಬಿ ತೊಳೆಯುವುದು. ನಡುವೆ ಒಂದು ಆಸೆ ಉಳಿದುಕೊಂಡಿತ್ತು, ಹಾಡಬೇಕು ಅಂತ. ಅವ್ವ ಹಾಡುತ್ತಿದ್ದಳು, ರೊಟ್ಟಿ ಬಡಿಯುವಾಗ, ಬೇರೆ ಯಾರೂ ಕೇಳಿಸಿಕೊಳ್ಳದ ಹಾಗೆ. ನನಗೆ ಯಾರಾದರೂ ಕೇಳಿಸಿಕೊಳ್ಳಲಿ ಅನ್ನಿಸುತ್ತಿತ್ತು.

ಮೊದಲು ಹಾವೇರಿಯಲ್ಲಿ ಒಂದು ಕ್ಲಾಸಿಗೆ ಸೇರಿದೆ. ಅಲ್ಲಿಯ ಸರ್ ದೊಡ್ಡ ಹೆಸರಿನವರು. ಗೋಡೆಯ ತುಂಬ ಅವರು ಶಾಲು ಹೊದೆಸಿಕೊಳ್ಳುತ್ತಿರುವ ಫೋಟೋಗಳು. ಬಂದ ಹೆಂಗಸರಿಗೆಲ್ಲ ಒಂದೇ ಶ್ರುತಿ ಇಟ್ಟು, ಹೆಣ್ಣಿನ ದನಿ ಗಂಟೆಯ ಹಾಗಿರಬೇಕು, ಮೇಲೆ ಹೋಗಲಿ ಎನ್ನುತ್ತಿದ್ದರು. ನಾನು ಮೇಲೆ ಹೋಗುತ್ತಿದ್ದೆ. ಗಂಟಲು ಉರಿಯುತ್ತದೆ ಎಂದು ಹೇಳಿದಾಗ, ಉರಿದರೆ ದನಿ ತಯಾರಾಗುತ್ತಿದೆ ಎಂದು ತಿಳಿ ಎಂದರು. ಹಾಗೆಂದೇ ತಿಳಿದೆ. ಆರೇಳು ತಿಂಗಳಲ್ಲಿ ದನಿ ಒಡೆಯಿತು. ಹಾಡುವುದಿರಲಿ, ಹಾಲಿನವನನ್ನು ಕರೆಯಲೂ ಆಗದಂತಾಯಿತು.

ಡಾಕ್ಟರು ಗಂಟಲಲ್ಲಿ ಬಾವು ಬಂದಿದೆ, ಕೆಲವು ವಾರ ಮಾತೇ ಆಡಬೇಡಿ ಎಂದರು. ನಾನು ಬಹಳ ತಯಾರಿ ಮಾಡಿಕೊಂಡೆ. ಯಾರಾದರೂ ಮಾತಾಡಿಸಿದರೆ ತೋರಿಸೋಣ ಎಂದು ಒಂದು ಚೀಟಿ ಬರೆದು ಪರ್ಸಿನಲ್ಲಿಟ್ಟುಕೊಂಡೆ. ಆಫೀಸಿನಲ್ಲಿ ಒಂದೆರಡು ಸಲ ಅದು ಬೇಕಾಯಿತು. ಖೋಲಿಯಲ್ಲಿ, ಓಣಿಯಲ್ಲಿ, ಅಂಗಡಿಯಲ್ಲಿ ಬೇಕಾಗಲೇ ಇಲ್ಲ. ಮಾತು ಬಿಟ್ಟಿದ್ದೇನೆ ಎಂದು ಯಾರಿಗೂ ಗೊತ್ತೂ ಆಗಲಿಲ್ಲ.

ಕೋಲ್ಡ್ ಸ್ಟೋರೇಜಿನ ಅಂಗಳದಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸಲು ಬರುತ್ತಿದ್ದ ಒಬ್ಬ ಹೆಂಗಸು ನನ್ನ ಒಡಕು ದನಿ ಕೇಳಿ, ನಮ್ಮ ಓಣಿಯ ಖಾಲಾನ ಕಡೆ ಹೋಗಿ ನೋಡ್ರಿ, ಆಕೆಯೂ ಹಿಂದೆ ನಾಟಕ ಕಂಪನಿಯಲ್ಲಿ ಹಾಡುತ್ತಿದ್ದಳು ಎಂದಳು. ಒಂದು ಸಂಜೆ ಹೋದೆ. ಬಾಗಿಲಲ್ಲಿ ನಿಂತು, ಹಾಡು ಕಲಿಯಬೇಕಾಗಿತ್ತು ಎಂದೆ. ಅವರು ಒಳಗೆ ಕರೆದು ಚಾಪೆ ಹಾಸಿದರು. ಅವರ ದನಿ ಕೇಳಿ ನನಗೆ ಒಂದು ಗಳಿಗೆ ದಾರಿ ತಪ್ಪಿ ಬಂದೆನೇನೋ ಅನ್ನಿಸಿತು. ಜಲ್ಲಿಕಲ್ಲಿನ ಮೇಲೆ ಚಕ್ಕಡಿ ಉರುಳಿದ ಹಾಗಿತ್ತು ಅದು.

ಹಾಡು ಅನ್ನಲಿಲ್ಲ. ಯಾವ ಊರು, ಯಾವ ಕೆಲಸ, ರಾತ್ರಿ ನಿದ್ದೆ ಬರುತ್ತದೆಯೇ, ಖಾರ ಎಷ್ಟು ತಿನ್ನುತ್ತೀ, ಇಂಥದ್ದೇ ಕೇಳಿದರು. ನಾನು ಮಾತಾಡುತ್ತ ಹೋದೆ. ಅವರು ಮಾತನ್ನಲ್ಲ, ದನಿಯನ್ನು ಕೇಳುತ್ತಿದ್ದರು ಎಂದು ಆಮೇಲೆ ತಿಳಿಯಿತು. ಕೊನೆಗೊಮ್ಮೆ ಕೇಳಿದರು:

"ಹಾಡಿ ಮುಗಿಸಿದ ಮ್ಯಾಲ ಗಂಟಲಾಗ ಹೆಂಗ ಆಗತೈತಿ?"

ಹಾಗೆ ನನ್ನನ್ನು ಯಾರೂ ಕೇಳಿರಲಿಲ್ಲ. ಹೇಳಲು ಹೋಗಿ ಅಳು ಬಂತು. ಅವರು ಒಂದು ಲೋಟ ಬೆಚ್ಚನೆಯ ನೀರು ತಂದಿಟ್ಟರು.

ಆದರೆ ಅವತ್ತೇ ನನ್ನನ್ನು ಸೇರಿಸಿಕೊಳ್ಳಲಿಲ್ಲ. ಮೊದಲು ಹಾವೇರಿಯ ಆ ಕ್ಲಾಸಿಗೇ ಇನ್ನೊಮ್ಮೆ ಹೋಗಿ, ಹಾಡದೆ, ಮೂಲೆಯಲ್ಲಿ ಕೂತು ಬಾ ಎಂದರು. "ಗುರುಗಳ ಹಾಡು ಕೇಳಬ್ಯಾಡ. ಕಲಿಯೋರ ಹಾಡು ಕೇಳು. ಎಲ್ಲಾರೂ ಗುರುಗಳಂಗ ಹಾಡಾಕತ್ತಿದ್ರ ಎದ್ದು ಬಾ. ಅವರವರಂಗ ಅವರವರು ಹಾಡಾಕತ್ತಿದ್ರ ಅಲ್ಲೇ ಇರು, ನನ್ನ ಕಡೆ ಬರೂದ ಬ್ಯಾಡ."

ಹೋದೆ. ಆ ಸರ್‌ಗೆ ಮೂಗು ಕಟ್ಟಿಕೊಳ್ಳುವ ತೊಂದರೆ ಇತ್ತು, ಪಾಪ. ಅಲ್ಲಿ ಕೂತಿದ್ದ ಹುಡುಗ ಹುಡುಗಿಯರಿಗೆ ಆ ತೊಂದರೆ ಏನೂ ಇರಲಿಲ್ಲ. ಆದರೂ ಎಲ್ಲರೂ ಮೂಗಿನಿಂದಲೇ ಹಾಡುತ್ತಿದ್ದರು. ಸಾಲಿನ ಕೊನೆಗೆ ಸರ್ ಒಂದು ಸಣ್ಣ ಕೆಮ್ಮು ಕೆಮ್ಮುತ್ತಿದ್ದರು; ಒಬ್ಬ ಹುಡುಗ ಅದನ್ನೂ ಕಲಿತಿದ್ದ. ಅಷ್ಟು ದಿನ ಅದೇ ಸಾಲಿನಲ್ಲಿ ಕೂತು ಹಾಡಿದ್ದ ನನಗೆ ಇದು ಕಿವಿಗೆ ಬಿದ್ದಿರಲೇ ಇಲ್ಲ. ಬ್ಯಾಡಗಿಗೆ ವಾಪಸಾಗಿ ಅಕ್ಕೋರಿಗೆ ಇದನ್ನೆಲ್ಲ ಹೇಳಿದೆ. ಅವರು ನಗಲಿಲ್ಲ. ಆ ಮಕ್ಕಳಿಗೆ ತಮ್ಮ ದನಿ ಹೇಗಿದೆ ಎಂದು ಎಂದಾದರೂ ಗೊತ್ತಾಗುತ್ತದೋ ಇಲ್ಲವೋ ಎಂದು ಚಿಂತೆಯಿಂದ ಹೇಳಿದರು. ಮಂಗಳವಾರ, ಗುರುವಾರ ಸಂಜೆ ಬಾ ಎಂದರು. ಉಳಿದ ದಿನ ಬೇರೆ ಹುಡುಗಿಯರು ಬರುತ್ತಾರೆ. ಭಾನುವಾರ ಬೆಳಗ್ಗೆಯಂತೂ ಕೂರಲು ಜಾಗ ಇರುವುದಿಲ್ಲ.

ಪೇಟಿಯ ಪಟ್ಟಿಗಳಿಗೆ ಮನೆ ಎನ್ನುತ್ತಾರೆ, ಕರಿ ಮನೆ, ಬಿಳಿ ಮನೆ. ಮೊದಲ ತಿಂಗಳುಗಳಲ್ಲಿ ಅಕ್ಕೋರು ಮಾಡಿದ್ದು ನನ್ನ ಮನೆ ಹುಡುಕುವ ಕೆಲಸ. ಒಂದೊಂದೇ ಪಟ್ಟಿ ಕೆಳಗಿಳಿಯುತ್ತ ಬಂದರು. ಇನ್ನು ಸಾಕು, ಇದು ಗಂಡಸರ ಶ್ರುತಿಯಾಗುತ್ತದೆ ಎಂದು ನನಗೆ ನಾಚಿಕೆ. ಒಂದು ಸಂಜೆ ಒಂದು ಪಟ್ಟಿಯ ಮೇಲೆ ಬೆರಳಿಟ್ಟು ಹಿಡಿದರು. ನಾನು ಬಾಯಿ ಮುಚ್ಚಿಕೊಂಡೇ ಗುನುಗಿದೆ. ಎದೆಯ ಗೂಡಿನೊಳಗೆ ಏನೋ ನಡುಗಿ ನಿಂತ ಹಾಗಾಯಿತು. "ನಿನ್ನ ಮನಿ ಇಲ್ಲೈತಿ ನೋಡು," ಎಂದರು. "ಇಷ್ಟ ದಿನ ಬ್ಯಾರೇದವರ ಮನ್ಯಾಗ ನಿಂತು ಒದರಾಕತ್ತಿದ್ದಿ."

ಅವರು ಹಾಡಿ ತೋರಿಸುತ್ತಿರಲಿಲ್ಲ. ಒಂದು ಸ್ವರವನ್ನೂ ಇಲ್ಲ. ಪೇಟಿಯಲ್ಲಿ ನುಡಿಸುತ್ತಿದ್ದರು, ಬಾಯಲ್ಲಿ ವಿವರಿಸುತ್ತಿದ್ದರು, ನನ್ನ ಬೆನ್ನಿನ ಮೇಲೆ ಅಂಗೈ ಇಟ್ಟು ಉಸಿರು ಎಲ್ಲಿ ನಿಂತಿದೆ ಎಂದು ತೋರಿಸುತ್ತಿದ್ದರು. ಚಾಪೆಯ ಮೇಲೆ ಅಂಗಾತ ಮಲಗಿಸಿ ಷಡ್ಜ ಹೇಳಿಸುತ್ತಿದ್ದರು. ಇನ್ನೇನು ಹಾಡು ಕೈಗೆ ಬಂತು, ಇನ್ನೊಂದು ಸಲ ಹೇಳೋಣ ಅನ್ನುವಷ್ಟರಲ್ಲಿ ಪೇಟಿ ಮುಚ್ಚಿಬಿಡುತ್ತಿದ್ದರು. ಇನ್ನೂ ದಣಿದಿಲ್ಲ ಅಕ್ಕೋರೆ ಎಂದರೆ, ದಣಿಯುವ ಮೊದಲೇ ಏಳಬೇಕು, ಸ್ವಲ್ಪ ಹಸಿವು ಇಟ್ಟುಕೊಂಡು ಹೋಗು ಅನ್ನುತ್ತಿದ್ದರು. ಆಮೇಲೆ ಚಹಾ. ಚಹಾಕ್ಕೆ ಶುಂಠಿ ಹಾಕುತ್ತಿದ್ದರು, ಸಕ್ಕರೆ ಮರೆಯುತ್ತಿದ್ದರು. ನಾನು ಹೊರಡುವ ಹೊತ್ತಿಗೆ ಏನಾದರೊಂದು ಮಾತು ತೆಗೆದು ಬಾಗಿಲ ಹತ್ತಿರ ನಿಲ್ಲಿಸಿಕೊಳ್ಳುತ್ತಿದ್ದರು. ರೈಲು ಬಂದು ಹೋದ ಸದ್ದು ಕೇಳಿದ ಮೇಲೆ, ಹೋಗು, ಕತ್ತಲಾಯಿತು ಎನ್ನುತ್ತಿದ್ದರು. ನನ್ನ ಖೋಲಿಯಲ್ಲೂ ನನಗಾಗಿ ಕಾಯುವವರು ಇರಲಿಲ್ಲವಾದ್ದರಿಂದ ನಾನೂ ನಿಲ್ಲುತ್ತಿದ್ದೆ.

ಆ ಬೇರೆ ಹುಡುಗಿಯರ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಅಕ್ಕೋರು ಅವರ ಸುದ್ದಿ ಹೇಳುತ್ತಿದ್ದರು. ಒಬ್ಬಳ ದನಿ ಬಹಳ ತೆಳು, ಆದರೆ ಉಸಿರು ಉದ್ದ. ಇನ್ನೊಬ್ಬಳಿಗೆ ನಾಚಿಕೆ, ಗೋಡೆಯ ಕಡೆ ಮುಖ ಮಾಡಿ ಹಾಡುತ್ತಾಳೆ. ಅವರು ನನಗಿಂತ ಚೆನ್ನಾಗಿ ಹಾಡುತ್ತಾರೇನೋ ಎಂದು ಕೇಳಬೇಕೆನಿಸಿದರೂ ಕೇಳುತ್ತಿರಲಿಲ್ಲ.

ಎರಡನೆಯ ವರ್ಷ ಒಂದು ದಿನ, ನಿನ್ನ ದನಿಯನ್ನು ಬಯಲಿಗೆ ಬಿಡಬೇಕು, ಈ ಕೋಣೆಯಲ್ಲಿ ಅದರ ಅಳತೆ ತಿಳಿಯುವುದಿಲ್ಲ ಎಂದರು. ನನಗೆ ರಜೆ ಇದ್ದ ದಿನ ಇಬ್ಬರೂ ಹಾವೇರಿಗೆ ಹೋಗಿ, ಅಲ್ಲಿಂದ ಬಸ್ಸು ಹಿಡಿದು ಗಳಗನಾಥಕ್ಕೆ ಹೋದೆವು. ಗುಡಿಯ ಹಿಂದೆ ಹೊಳೆಯ ದಂಡೆ. ವರದೆ ತುಂಗಭದ್ರೆಯನ್ನು ಕೂಡುವ ಕಡೆ ನೀರು ಅಗಲವಾಗಿ, ಸದ್ದಿಲ್ಲದೆ ಹರಿಯುತ್ತಿತ್ತು. ನನ್ನನ್ನು ಒಂದು ಕಲ್ಲಿನ ಮೇಲೆ ಕೂರಿಸಿ, ಭೂಪ ರಾಗ ಹಾಡುತ್ತಿರು, ನಾನು ಬರುವವರೆಗೆ ನಿಲ್ಲಿಸಬೇಡ, ಕೂಗಲೂ ಬೇಡ ಎಂದು ಹೇಳಿ ದಂಡೆಗುಂಟ ನಡೆದು ಹೋದರು. ಬಿಳಿಯ ಸೆರಗು ಸಣ್ಣದಾಗುತ್ತ ಹೋಯಿತು. ಜಾಲಿಯ ಗಿಡಗಳ ಹಿಂದೆ ಮರೆಯಾಯಿತು. ನಾನು ಹಾಡುತ್ತಲೇ ಇದ್ದೆ. ಎದುರಿಗೆ ಒಂದು ದನವೂ ಇರಲಿಲ್ಲ. ಯಾರೂ ಇಲ್ಲದ ಕಡೆ ಹಾಡುವುದು ನನಗೆ ಹೊಸದಲ್ಲ, ಆದರೆ ದೂರದಲ್ಲಿ ಒಬ್ಬರು ಕಿವಿಗೊಟ್ಟು ನಡೆಯುತ್ತಿದ್ದಾರೆ ಎಂದು ಗೊತ್ತಿದ್ದು ಹಾಡಿದ್ದು ಅವತ್ತೇ ಮೊದಲು.

ಬಹಳ ಹೊತ್ತಿನ ಮೇಲೆ ತಿರುಗಿ ಬಂದರು. ಚಪ್ಪಲಿ ಕೈಯಲ್ಲಿತ್ತು, ಸೀರೆಯ ಅಂಚಿಗೆ ಕೆಸರು. ನಿನ್ನ ದನಿ ಆ ತಿರುವಿನವರೆಗೂ ಬಂತು, ಅಲ್ಲಿಂದ ಆಚೆ ನೀರು ತೆಗೆದುಕೊಂಡು ಹೋಯಿತು ಎಂದರು. ನನ್ನ ಕೊರಳನ್ನು ಮುಟ್ಟಿ ನೋಡಿದರು. ಬೆವರಿರಲಿಲ್ಲ, ನರ ಎದ್ದಿರಲಿಲ್ಲ.

ಬುತ್ತಿ ಬಿಚ್ಚಿಕೊಂಡು ಕೂತಾಗ ತಮ್ಮ ಕತೆ ಹೇಳಿದರು. ಚಿಕ್ಕ ವಯಸ್ಸಿನಲ್ಲೇ ಕಂಪನಿ ಸೇರಿದ್ದು, ಊರೂರು ತಿರುಗಿದ್ದು, ಒಂದು ಮಳೆಗಾಲ ಜ್ವರದಲ್ಲೇ ಪ್ರತಿದಿನ ಹಾಡಿದ್ದು, ಒಂದು ದಿನ ರಂಗದ ಮೇಲೆಯೇ ಬಾಯಲ್ಲಿ ರಕ್ತ ಬಂದದ್ದು. ಆಗ ಮಾಲೀಕರು ಬಿಸಿ ಹಾಲು ಕುಡಿಸಿ ಮತ್ತೆ ರಂಗಕ್ಕೆ ಕಳಿಸಿದ್ದರು. "ದನಿ ಹೋದ ಮ್ಯಾಲ ಯಾರೂ ನನ್ನ ಹೆಸರು ಹಿಡದು ಕರೀಲಿಲ್ಲ, ಬೇಟಾ," ಎಂದರು. "ಅವರು ಕರೀತಿದ್ದದ್ದು ದನಿಗೆ. ನಾ ನನಗ ಅಂತ ಓ ಅನ್ನಾಕತ್ತಿದ್ದೆ." ಇಷ್ಟು ಹೇಳಿ, ರೊಟ್ಟಿಯ ಮೇಲೆ ಚಟ್ನಿ ಸವರಿ ನನ್ನ ಕೈಗೆ ಕೊಟ್ಟರು.

ಅದಾಗಿ ಕೆಲವು ತಿಂಗಳಿಗೆ, ಒಂದು ಗುರುವಾರ, ಪೇಟಿ ತೆಗೆಯಲಿಲ್ಲ. ಇನ್ನು ನೀನು ರಾಣೇಬೆನ್ನೂರಿಗೆ ಹೋಗಬೇಕು ಎಂದರು. ಅಲ್ಲೊಬ್ಬ ಹೆಂಗಸು ಕಲಿಸುತ್ತಾರಂತೆ, ವಯಸ್ಸು ನಲವತ್ತರ ಒಳಗೆ, ದನಿ ಚೆನ್ನಾಗಿದೆಯಂತೆ. ನಾನು ಏನು ತಪ್ಪು ಮಾಡಿದೆ ಎಂದು ಕೇಳಿದೆ. ಮೇಲಿನ ಪಾಠವನ್ನು ಹಾಡಿ ತೋರಿಸಬೇಕು, ಬಾಯಿಮಾತಲ್ಲಿ ಹೇಳಿ ಕಲಿಸುವುದು ಇಲ್ಲಿಗೆ ಮುಗಿಯಿತು ಎಂದರು. ನನಗೆ ಮೇಲಿನ ಪಾಠ ಬೇಡ, ಇಷ್ಟೇ ಸಾಕು, ಇಲ್ಲೇ ಬರುತ್ತೇನೆ ಎಂದು ಹಟ ಮಾಡಿದೆ. ಅವರ ರೆಪ್ಪೆ ಇನ್ನಷ್ಟು ಜೋತುಬಿತ್ತು.

"ನನ್ನ ಚಿಂತಿ ಬ್ಯಾಡ. ನನಗ ಬ್ಯಾರೆ ಹುಡುಗ್ಯಾರು ಅದಾರ," ಎಂದರು.

ಆ ಮಾತು ನನಗೆ ಚುಚ್ಚಿತು. ಹೋಗುತ್ತೇನೆ ಎಂದೆ.

ಮುಂದಿನ ವಾರ ತಾವೇ ನನ್ನನ್ನು ಕರೆದುಕೊಂಡು ಹೊರಟರು, ಇಸ್ತ್ರಿ ಮಾಡಿದ ಸೀರೆ ಉಟ್ಟು, ಹೊಸ ಚಪ್ಪಲಿ ಮೆಟ್ಟಿ, ಬೀಗರ ಮನೆಗೆ ಹೊರಟವರ ಹಾಗೆ. ರಾಣೇಬೆನ್ನೂರಿನಲ್ಲಿ ಆ ಟೀಚರಿಗೆ ನಮಸ್ಕಾರ ಹೇಳಿ, ನಾವು ಸುಮ್ಮನೆ ಕೂತು ಕೇಳಬಹುದೇ ಎಂದು ಕೇಳಿ, ಗೋಡೆಗೊರಗಿ ಕೂತರು. ಕಣ್ಣು ಮುಚ್ಚಿ, ಒಬ್ಬೊಬ್ಬ ಹುಡುಗಿ ಹಾಡುವುದನ್ನೂ ಕೇಳಿದರು. ಒಬ್ಬಳಿಗೆ ಗಂಟಲು ಕಟ್ಟಿದಾಗ ಟೀಚರು, ಇವತ್ತು ಬೇಡ, ಕೇಳಿಸಿಕೊಂಡು ಕೂರು ಎಂದರು. ಅಕ್ಕೋರು ಆಗ ಕಣ್ಣು ತೆರೆದು ನನ್ನ ಕಡೆ ನೋಡಿದರು. ಹೊರಗೆ ಬಂದ ಮೇಲೆ, ಇಲ್ಲಿ ಇರು, ಒಬ್ಬೊಬ್ಬರೂ ಒಂದೊಂದು ಥರ ಹಾಡುತ್ತಿದ್ದಾರೆ, ಇವರು ಯಾರನ್ನೂ ಕೆಡಿಸುವುದಿಲ್ಲ ಎಂದರು. ಪಾಠ ಅವತ್ತೇ ಶುರುವಾಗಲಿ ಎಂದು ನನ್ನನ್ನು ಒಳಗೆ ಕಳಿಸಿ, ತಾವೊಬ್ಬರೇ ಬಸ್ ಸ್ಟ್ಯಾಂಡಿನ ಕಡೆ ಹೋದರು. ಕಿಟಕಿಯಿಂದ ನೋಡಿದೆ. ಹೊಸ ಚಪ್ಪಲಿ ಕಚ್ಚಿತ್ತೇನೋ, ಸ್ವಲ್ಪ ಕುಂಟುತ್ತಿದ್ದರು.

ಮುಂದೆ ಯುಗಾದಿ ಭಾನುವಾರವೇ ಬಂತು. ಹೋಳಿಗೆ ಮಾಡಿದ್ದೆ. ಬೆಳಗ್ಗೆಯೇ ಹೋದರೆ ಆ ಹುಡುಗಿಯರೂ ಇರುತ್ತಾರೆ, ಎಲ್ಲರಿಗೂ ಆಗಲಿ ಎಂದು ದೊಡ್ಡ ಡಬ್ಬಿಯಲ್ಲಿ ತುಂಬಿಕೊಂಡು ಹೋದೆ. ಬಾಗಿಲಿಗೆ ಚಿಲಕ. ಪಕ್ಕದ ಮನೆಯಾಕೆ ಹೊಸ್ತಿಲಲ್ಲಿ ಅಕ್ಕಿ ಆರಿಸುತ್ತಿದ್ದಳು. ಖಾಲಾ ಹಾಲು ತರಲು ಹೋಗಿದ್ದಾಳೆ, ಬರುತ್ತಾಳೆ, ಕೂತಿರಿ ಎಂದಳು. ಇವತ್ತು ಕ್ಲಾಸಿಲ್ಲವೇ, ಹುಡುಗಿಯರು ಬರಲಿಲ್ಲವೇ ಎಂದು ಕೇಳಿದೆ. ಆಕೆ ಕೈ ನಿಲ್ಲಿಸಿದಳು.

"ಯಾವ ಹುಡುಗ್ಯಾರ್ರಿ? ನಿಮ್ಮನ್ನ ಬಿಟ್ಟು ಆಕಿ ಕಡೆ ಯಾರೂ ಬರತಿದ್ದಿಲ್ಲಲ್ಲರಿ."

ಅವಳು ಮತ್ತೆ ಅಕ್ಕಿ ಆರಿಸತೊಡಗಿದಳು. ನಾನು ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತೆ. ತೆಳು ದನಿಯವಳು, ಗೋಡೆಗೆ ಮುಖ ಮಾಡಿ ಹಾಡುವವಳು, ಒಬ್ಬೊಬ್ಬರೇ ನೆನಪಾದರು. ಓಣಿಯ ತುದಿಯಲ್ಲಿ ಅಕ್ಕೋರು ಹಾಲಿನ ಪಾಕೀಟು ಹಿಡಿದು ಬರುತ್ತಿರುವುದು ಕಂಡಿತು. ಹತ್ತಿರ ಬಂದು, ನನ್ನನ್ನು ನೋಡಿ, ಡಬ್ಬಿಯನ್ನು ನೋಡಿ ಒಂದು ಗಳಿಗೆ ನಿಂತರು.

"ಈಗರೆ ಹೋದ್ರು ನೋಡು, ಹುಡುಗ್ಯಾರು," ಎಂದರು. "ಇವತ್ತ ಲಗೂ ಬಿಟ್ಟೆ, ಹಬ್ಬ ಅಲ್ಲೇನ."

ಪಕ್ಕದ ಮನೆಯಾಕೆ ತಲೆ ಎತ್ತಲಿಲ್ಲ. ಹೌದೇನ್ರಿ, ಅವರಿಗೂ ಅಂತ ತಂದಿದ್ದೆ, ನಾಳೆ ಬಂದಾಗ ಕೊಡ್ರಿ ಎಂದೆ. ಕೊಡುತ್ತೇನೆ ಎಂದರು.

ಆಮೇಲೆ ಎಷ್ಟೋ ವರ್ಷ ನಾನು ಭಾನುವಾರ ಮಧ್ಯಾಹ್ನ ಹೋಗುತ್ತಿದ್ದೆ. ಬೆಳಗ್ಗೆ ಮಾತ್ರ ಹೋಗುತ್ತಿರಲಿಲ್ಲ. ರಾಣೇಬೆನ್ನೂರಿನಲ್ಲಿ ಕಲಿತದ್ದನ್ನು ಹಾಡಿ ತೋರಿಸುತ್ತಿದ್ದೆ. ಅವರು ಕೊರಳನ್ನು ನೋಡುತ್ತಿದ್ದರು. ನಾನು ಹುಡುಗಿಯರನ್ನು ವಿಚಾರಿಸುತ್ತಿದ್ದೆ; ತೆಳು ದನಿಯವಳ ಮದುವೆಯಾಯಿತು, ಇನ್ನೊಬ್ಬಳು ಈಗ ಗೋಡೆ ಬಿಟ್ಟು ಈಚೆ ತಿರುಗಿದ್ದಾಳೆ. ಅವರಿಗೆ ನನಗೆ ಗೊತ್ತಿದೆ ಎಂದು ಗೊತ್ತಿತ್ತೋ ಏನೋ. ಇಬ್ಬರೂ ಆ ಮಾತಿನ ಹತ್ತಿರ ಹೋಗಲಿಲ್ಲ. ಮತ್ತೆ ಕಲಿಸಿ ಎಂದು ನಾನು ಕೇಳಬಹುದಿತ್ತು. ಕೇಳಿದರೆ, ಅವರು ತಮ್ಮ ಹತ್ತಿರ ಇದ್ದ ಒಬ್ಬಳನ್ನು ತಾವೇ ಕೈಹಿಡಿದು ಇನ್ನೊಬ್ಬರಿಗೆ ಒಪ್ಪಿಸಿ ಬಂದದ್ದಕ್ಕೆ ಅರ್ಥವೇ ಇರುತ್ತಿರಲಿಲ್ಲ.

ಕಳೆದ ವರ್ಷ ಹಂಗಾಮು ಶುರುವಾಗುವ ಮುಂಚೆ ಆಫೀಸಿಗೆ ಪಕ್ಕದ ಮನೆಯಾಕೆಯ ಫೋನ್ ಬಂತು. ಅಕ್ಕೋರು ಬೆಳಗಿನ ನಮಾಜಿಗೆ ಎದ್ದವರು ಅಲ್ಲೇ ಒರಗಿದ್ದರಂತೆ. ನಾನು ಹೋಗುವಷ್ಟರಲ್ಲಿ ಹುಬ್ಬಳ್ಳಿಯವರು ಬಂದಿದ್ದರು. ಗಂಡಸರು ಎತ್ತಿಕೊಂಡು ಹೋದ ಮೇಲೆ ಒಳಗೆ ನಾವು ಹೆಂಗಸರು ಉಳಿದೆವು. ನನಗೆ ಅವರ ಪೈಕಿ ಯಾರೂ ಪರಿಚಯವಿರಲಿಲ್ಲ. ತಮ್ಮನ ಮಗನ ಹೆಂಡತಿ ನನ್ನ ಪಕ್ಕ ಬಂದು ಕೂತು, ನೀವು ಅವರ ಕಡೆ ಕಲಿತವರಲ್ಲವೇ ಎಂದು ಕೇಳಿದಳು. ಹೌದು ಎಂದೆ.

"ಫೋನ್ ಮಾಡಿದಾಗೆಲ್ಲಾ ಹುಡುಗ್ಯಾರದ ಸುದ್ದಿನ ಹೇಳತಿದ್ರು," ಎಂದಳು ಆಕೆ. "ಅವರಿಗೂ ಸುದ್ದಿ ಮುಟ್ಟಸಬೇಕಲ್ಲರಿ. ನಿಮಗ ಅವರ ಗುರ್ತ ಐತೇನ್ರಿ?"

"ಐತ್ರಿ," ಎಂದೆ. "ಎಲ್ಲಾರಿಗೂ ನಾ ಹೇಳತೇನಿ."

ಆ ವಾರ ರಾಣೇಬೆನ್ನೂರಿನ ಕ್ಲಾಸಿಗೆ ಹೋದಾಗ ಹುಡುಗಿಯರು ಚಾಪೆಯ ಮೇಲೆ ಕೂತು ತಂಬೂರಿ ಸರಿಮಾಡಿಕೊಳ್ಳುತ್ತಿದ್ದರು. ಹೊಸಬರು, ಅಕ್ಕೋರನ್ನು ಯಾರೂ ಕಂಡವರಲ್ಲ. ನಾನು ಅವರಿಗೆ, ನಮ್ಮ ಬ್ಯಾಡಗಿಯ ಅಕ್ಕೋರು ತೀರಿಕೊಂಡರು ಎಂದು ಹೇಳಿದೆ. ಟೀಚರಿಗೆ ನೆನಪಿತ್ತು. ಗೋಡೆಗೊರಗಿ ಕಣ್ಣು ಮುಚ್ಚಿ ಕೂತಿದ್ದರಲ್ಲ ಎಂದರು. ಹುಡುಗಿಯರು ತಂಬೂರಿ ಬಿಟ್ಟು ನನ್ನ ಕಡೆ ತಿರುಗಿದರು. ಅವರಲ್ಲಿ ಚಿಕ್ಕವಳು ಮೆಲ್ಲಗೆ ಕೇಳಿದಳು, ಅವರ ದನಿ ಹೇಗಿತ್ತು ಅಂತ.

ಇದ್ದದ್ದನ್ನೇ ಹೇಳಿದೆ: ನನಗೆ ಗೊತ್ತಿಲ್ಲ, ಅವರು ಹಾಡಿದ್ದನ್ನು ನಾನು ಒಂದು ದಿನವೂ ಕೇಳಿಲ್ಲ.